ಮನೆ ಲೆಕ್ಕ ಕೇಳುವುದು ಹೇಗೆ: ಕೊಡಗಿನವರಿಗೊಂದು ಕೈಪಿಡಿ

ಪ್ರಗತಿ ಪರಿಶೀಲನಾ ಸಭೆ ನಡೆದ ಮರುದಿನ ಪೇಪರಿನಲ್ಲಿ ವಸತಿ ಯೋಜನೆಯ ಸುದ್ದಿ ಬರುತ್ತದೆ. ಗುರಿ ಇಷ್ಟು, ಮಂಜೂರಾದದ್ದು ಇಷ್ಟು, ಪೂರ್ಣಗೊಂಡದ್ದು ಇಷ್ಟು, ಬಾಕಿ ಮನೆಗಳನ್ನು ಬೇಗ ಮುಗಿಸಲು ಸೂಚನೆ. ಓದಿದವರಿಗೆ ಕೆಲಸ ನಡೀತಿದೆ ಅನ್ನಿಸುತ್ತದೆ. ನಡೆಯುತ್ತಲೂ ಇರಬಹುದು. ಆದರೆ ಒಂದು ಸಂಖ್ಯೆ ಮಾತ್ರ ಆ ಸುದ್ದಿಯಲ್ಲಿ ಸಿಗುವುದಿಲ್ಲ. ಹೋದ ವರ್ಷ ಈ ಹೊತ್ತಿಗೆ ಸೂರಿಲ್ಲದ ಕುಟುಂಬ ಎಷ್ಟಿದ್ದವು, ಈ ವರ್ಷ ಎಷ್ಟಿವೆ?

ಇದನ್ನು ಕೇಳುವವರಿಲ್ಲದಿದ್ದರೆ ಸರ್ಕಾರ ಕಟ್ಟಿದ ಮನೆಗಳ ವರದಿ ಕೊಟ್ಟು ಸುಮ್ಮನಾಗುತ್ತದೆ. ಗುರಿಯನ್ನೇ ಸಣ್ಣದು ಮಾಡಿಕೊಂಡರೆ ನೂರಕ್ಕೆ ನೂರು ಸಾಧನೆ ಆಗಿಬಿಡುತ್ತದೆ. ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ, ಟಾರ್ಪಾಲ್ ಕೆಳಗೆ ಮಳೆಗಾಲ ಕಳೆದ ಕುಟುಂಬ ಆ ಲೆಕ್ಕದ ಒಳಗೂ ಬರುವುದಿಲ್ಲ, ಹೊರಗೂ ಕಾಣುವುದಿಲ್ಲ. 2022ರೊಳಗೆ ಎಲ್ಲರಿಗೂ ಮನೆ ಅಂತ ಕೇಂದ್ರ ಸರ್ಕಾರ ಹೇಳಿತ್ತು. ಆಮೇಲೆ ಗಡುವು 2024ರ ಮಾರ್ಚ್‌ಗೆ ಹೋಯಿತು, ಈಗ ಇನ್ನೂ 2 ಕೋಟಿ ಮನೆಗಳ ಹೊಸ ಗುರಿಯೊಂದಿಗೆ 2029ಕ್ಕೆ ಬಂದು ನಿಂತಿದೆ. ಗಡುವು ಮುಂದೆ ಹೋದಾಗ ಯಾರು ಉಳಿದರು ಅಂತ ಊರಿನವರೇ ಹೆಸರು ಹಿಡಿದು ಕೇಳಬೇಕು.

ಇದಕ್ಕೆ ವಕೀಲರೇ ಆಗಬೇಕೆಂದಿಲ್ಲ. ಸ್ವಸಹಾಯ ಸಂಘದ ಅಕ್ಕಂದಿರು, ಹಾಡಿಯ ಓದಿದ ಹುಡುಗರು, ತೋಟದ ರೈಟರ್, ನಿವೃತ್ತ ಮೇಷ್ಟ್ರು, ಯಾರು ಬೇಕಾದರೂ ಮಾಡಬಹುದು. ನಾಲ್ಕೈದು ಜನ ಸೇರಿದರೆ ಒಂದು ಪಂಚಾಯಿತಿಗೆ ಸಾಕು.

ಮೊದಲು: ಯಾರನ್ನು ಎಣಿಸುತ್ತೀರಿ?

ಜನಗಣತಿಯಲ್ಲಿ ಮನೆ ಇಲ್ಲದವರು ಅಂದರೆ ರಸ್ತೆ ಬದಿ, ಸೇತುವೆ ಕೆಳಗೆ, ದೊಡ್ಡ ಪೈಪಿನೊಳಗೆ, ಗುಡಿಯ ಮಂಟಪದಲ್ಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ ಮಲಗುವವರು. 2011ರಲ್ಲಿ ಫೆಬ್ರವರಿ 28ರ ರಾತ್ರಿ ಎಣಿಸಿದಾಗ ದೇಶದಲ್ಲಿ ಸುಮಾರು 17.7 ಲಕ್ಷ ಜನ ಸಿಕ್ಕಿದ್ದರು. ಕೊಡಗಿಗೆ ಈ ಅಳತೆ ಸರಿಹೊಂದುವುದಿಲ್ಲ. ಇಲ್ಲಿನ ಮಳೆಯಲ್ಲಿ ಬಯಲಲ್ಲಿ ಮಲಗಿ ಬದುಕುವುದು ಕಷ್ಟ. ಹಾಗಾಗಿ ಇಲ್ಲಿ ಮನೆ ಇಲ್ಲದವರು ಯಾರದ್ದೋ ಸೂರಿನ ಕೆಳಗೆ ಇರುತ್ತಾರೆ, ಎಣಿಸುವವರ ಕಣ್ಣಿಗೆ ಬೀಳುವುದಿಲ್ಲ.

ಲೈನ್ ಮನೆಯನ್ನೇ ನೋಡಿ. ಕಾಫಿ ತೋಟದೊಳಗೆ ಸಾಲಾಗಿ ಕಟ್ಟಿದ ಕೋಣೆಗಳು, ಒಂದಕ್ಕೊಂದು ಗೋಡೆ ಅಂಟಿಕೊಂಡಿವೆ. ಬಾಗಿಲ ಮೇಲೆ ಪೇಂಟಿನಲ್ಲಿ ಬರೆದ ನಂಬರ್ ಇರುತ್ತದೆ. ಯರವ ಅಥವಾ ಪಣಿಯ ಕುಟುಂಬ ಮೂರು ತಲೆಮಾರಿನಿಂದ ಅದೇ ಸಾಲಿನಲ್ಲಿ ಇದ್ದರೂ ಆ ನಂಬರ್ ಬಿಟ್ಟರೆ ಅವರ ಹೆಸರಿಗೆ ಒಂದು ಕಾಗದ ಇರುವುದಿಲ್ಲ. ಕೆಲಸ ಇರುವವರೆಗೆ ಕೋಣೆ. ಸೊಂಟ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ, ಮಾಲೀಕರು ತೋಟ ಮಾರಿದರೆ, ಮಗ ಬೇರೆ ತೋಟಕ್ಕೆ ಹೋದ ಅಂತ ಜಗಳವಾದರೆ ಕೋಣೆ ಖಾಲಿ ಮಾಡಬೇಕು. ಸರ್ವೆಗೆ ಬಂದವರು ಗೋಡೆ, ಹೆಂಚು ನೋಡಿ 'ಪಕ್ಕಾ ಮನೆ' ಅಂತ ಬರೆದು ಹೋಗುತ್ತಾರೆ. ಅಲ್ಲಿಗೆ ಆ ಕುಟುಂಬದ ಹೆಸರು ಪಟ್ಟಿಯಿಂದ ಹೋಯಿತು. ನನ್ನನ್ನು ಕೇಳಿದರೆ ಕೊಡಗಿನ ವಸತಿ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಉಳಿದವರನ್ನು ಬೇಗ ಹೇಳಿಬಿಡುತ್ತೇನೆ. ಹಾಡಿಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿನಲ್ಲಿರುವವರು. ಪೈಸಾರಿ (ಸರ್ಕಾರಿ) ಜಾಗದಲ್ಲಿ ಮನೆ ಕಟ್ಟಿಕೊಂಡು ಹಕ್ಕುಪತ್ರ ಇಲ್ಲದವರು. ಒಂದೇ ಮನೆಯಲ್ಲಿ ಅಣ್ಣ ತಮ್ಮಂದಿರ ಎರಡು ಮೂರು ಸಂಸಾರ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ, ಕುಶಾಲನಗರದ ಕಡೆ ಕಾವೇರಿ ಉಕ್ಕಿದಾಗಲೆಲ್ಲ ಸರ್ಕಾರ ತಾತ್ಕಾಲಿಕವಾಗಿ ತೆರೆಯುವ ಕಾಳಜಿ ಕೇಂದ್ರಕ್ಕೆ ಹೋಗಿ ಬರುವವರು. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಲ್ಲಿ ಪಟ್ಟಿಗೆ ಸೇರದವರು. ಪೇಟೆಯ ಬಸ್ ಸ್ಟ್ಯಾಂಡ್, ಅಂಗಡಿ ಜಗಲಿ, ಸಂತೆ ಕಟ್ಟೆಗಳಲ್ಲಿ ಮಲಗುವವರು. ನಿಮ್ಮ ಪಂಚಾಯಿತಿಯಲ್ಲಿ ಇವರಲ್ಲಿ ಯಾರ್ಯಾರು ಇದ್ದಾರೆ ಅಂತ ಮೊದಲೇ ಕೂತು ಬರೆದುಕೊಳ್ಳಿ.

ನಿಮ್ಮದೇ ಒಂದು ಪಟ್ಟಿ ಮಾಡಿ

ಕಚೇರಿಗೆ ಹೋಗುವ ಮೊದಲೇ ಈ ಕೆಲಸ ಆಗಬೇಕು. ಕೈಯಲ್ಲಿ ಹೆಸರುಗಳಿಲ್ಲದೆ ಹೋದರೆ "ನಮ್ಮಲ್ಲಿ ಹಾಗೆ ಯಾರೂ ಬಾಕಿ ಇಲ್ಲ" ಅಂತ ಒಂದೇ ಮಾತಿನಲ್ಲಿ ಕಳಿಸಿಬಿಡುತ್ತಾರೆ.

ಒಂದು ಉದ್ದನೆಯ ನೋಟ್‌ಬುಕ್ ಸಾಕು. ಒಂದು ಕುಟುಂಬಕ್ಕೆ ಒಂದು ಸಾಲು. ಯಜಮಾನಿಯ ಹೆಸರು, ಎಷ್ಟು ಜನ, ಈಗ ಎಲ್ಲಿದ್ದಾರೆ, ಜಾಗ ಯಾರದ್ದು, ಎಷ್ಟು ವರ್ಷದಿಂದ, ರೇಷನ್ ಕಾರ್ಡ್ ಇದೆಯಾ, ಹಿಂದೆ ಅರ್ಜಿ ಹಾಕಿದ್ದರಾ, ಹಾಕಿದ್ದರೆ ಯಾವಾಗ, ಸ್ವೀಕೃತಿ ಇದೆಯಾ. ಆಧಾರ್ ನಂಬರ್ ಬರೆದುಕೊಳ್ಳಬೇಡಿ, ಅದು ನಿಮಗೆ ಬೇಡ. ಪಟ್ಟಿಯ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಲೈನ್ ಮನೆಯವರ ಹೆಸರು ತೋಟದ ಮಾಲೀಕರ ಕೈಗೆ ಹೋದರೆ "ನಮ್ಮ ಮೇಲೆ ದೂರು ಕೊಟ್ಟೆಯಾ" ಅಂತ ಕೋಣೆ ಬಿಡಿಸಿದರೂ ಬಿಡಿಸಿದರೇ. ಅವರನ್ನು ಮಾತಾಡಿಸುವುದು ಸಂಜೆ, ಕೆಲಸ ಬಿಟ್ಟು ಬಂದ ಮೇಲೆ. ಭಾನುವಾರ ಸಂತೆಗೆ ಹೋಗುವ ಹೊತ್ತು ಬೇಡ.

'ಅರ್ಜಿ ಹಾಕಿದ್ದರಾ' ಅನ್ನುವ ಕಾಲಂ ತುಂಬುವಾಗ ಸ್ವಲ್ಪ ಜಾಸ್ತಿ ಹೊತ್ತು ಕೂತುಕೊಳ್ಳಿ. "ಬರ್ಕೊಂಡು ಹೋಗಿದ್ದಾರೆ ಅಕ್ಕ, ಮೂರು ಸಲ ಫೋಟೊ ತೆಗೆದಿದ್ದಾರೆ" ಅನ್ನುತ್ತಾರೆ. ಯಾರು ಬಂದಿದ್ದರು, ಪಂಚಾಯಿತಿಯವರಾ, ಬುಡಕಟ್ಟು ಅಭಿವೃದ್ಧಿಯ ಐಟಿಡಿಪಿ ಕಚೇರಿಯವರಾ, ಅರಣ್ಯ ಇಲಾಖೆಯವರಾ, ಚುನಾವಣೆ ಹೊತ್ತಿನ ಪಕ್ಷದವರಾ? ಅವರಿಗೆ ಗೊತ್ತಿರುವುದಿಲ್ಲ. ಮನೆಯ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಯಾವುದಾದರೂ ಚೀಟಿ ಇದೆಯಾ ನೋಡಲು ಹೇಳಿ. ಒಂದು ಚೀಟಿಯಲ್ಲಿ ತಾರೀಖು, ಸೀಲು ಇದ್ದರೆ ಸಾಕು, ಮುಂದಿನ ಕೆಲಸ ಅರ್ಧ ಆದ ಹಾಗೆ.

ಸರ್ಕಾರದ ಪಟ್ಟಿ ಹುಡುಕಿ

ಸರ್ಕಾರದ ಬಳಿ ಪಟ್ಟಿ ಒಂದಲ್ಲ. ಪಂಚಾಯಿತಿಯಲ್ಲಿ ನಿವೇಶನರಹಿತರ ಪಟ್ಟಿ ಬೇರೆ, ಜಾಗ ಇದ್ದು ಮನೆ ಇಲ್ಲದವರ ಪಟ್ಟಿ ಬೇರೆ. ಪ್ರಧಾನ ಮಂತ್ರಿ ಆವಾಸ್ ಯೋಜನೆಗೆ ಆವಾಸ್ ಪ್ಲಸ್ ಸರ್ವೆಯ ಪಟ್ಟಿ. ಬಸವ ವಸತಿ, ಅಂಬೇಡ್ಕರ್ ನಿವಾಸ್, ದೇವರಾಜ ಅರಸು ಯೋಜನೆಗಳ ಫಲಾನುಭವಿ ಪಟ್ಟಿ ರಾಜೀವ್ ಗಾಂಧಿ ವಸತಿ ನಿಗಮದ ವೆಬ್‌ಸೈಟಿನಲ್ಲಿ ಇರುತ್ತದೆ. ಜೇನು ಕುರುಬರಿಗೆ 2023ರ ನವೆಂಬರಿನಲ್ಲಿ ಶುರುವಾದ ಪಿಎಂ ಜನಮನ್ ಇದೆ. ಮಳೆಹಾನಿಯವರ ಪಟ್ಟಿ ತಹಶೀಲ್ದಾರರ ಕಚೇರಿಯಲ್ಲಿ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಪಟ್ಟಿ ಮತ್ತೆ ಬೇರೆ.

ಇಲ್ಲೊಂದು ಸೂಕ್ಷ್ಮ ಇದೆ. ಪಿಎಂ ಜನಮನ್ ವಿಶೇಷವಾಗಿ ದುರ್ಬಲ ಅಂತ ಗುರುತಿಸಿದ ಬುಡಕಟ್ಟುಗಳಿಗೆ ಮಾತ್ರ. ಕರ್ನಾಟಕದಲ್ಲಿ ಜೇನು ಕುರುಬರು ಮತ್ತು ಕೊರಗರು ಅದರಲ್ಲಿ ಬರುತ್ತಾರೆ. ಯರವರು ಪರಿಶಿಷ್ಟ ಪಂಗಡವೇ ಆದರೂ ಇದರಲ್ಲಿ ಇಲ್ಲ. ಒಂದೇ ಹಾಡಿಯಲ್ಲಿ ಜೇನು ಕುರುಬರ ಮನೆಗೆ ಶೌಚಾಲಯ, ಕೂಲಿ ಎಲ್ಲ ಸೇರಿ 2.39 ಲಕ್ಷದ ಲೆಕ್ಕ. ಪಕ್ಕದ ಯರವರ ಮನೆಗೆ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಸೀಮೆ ದರ 1.20 ಲಕ್ಷ, ಗುಡ್ಡಗಾಡು ಅಂತ ಪರಿಗಣಿಸಿದ ಕಡೆ 1.30 ಲಕ್ಷ. ಹಾಗಾಗಿ "ಹಾಡಿಗೆ ಮನೆ ಮಂಜೂರಾಗಿದೆ" ಅಂತ ಯಾರಾದರೂ ಹೇಳಿದರೆ ಯಾರಿಗೆ, ಯಾವ ಯೋಜನೆಯಲ್ಲಿ ಅಂತ ತಕ್ಷಣ ಕೇಳಿ. ಒಂದು ಸಮುದಾಯಕ್ಕೆ ಸಿಕ್ಕಿದ್ದನ್ನು ಇಡೀ ಹಾಡಿಯ ಲೆಕ್ಕಕ್ಕೆ ಹಾಕಿಬಿಟ್ಟರೆ ಉಳಿದವರು ಕಾಗದದ ಮೇಲೆ ಮನೆ ಪಡೆದವರಾಗಿಬಿಡುತ್ತಾರೆ.

ಪಟ್ಟಿ ಸಿಕ್ಕ ಮೇಲೆ ನಿಮ್ಮ ನೋಟ್‌ಬುಕ್ ಪಕ್ಕದಲ್ಲಿಟ್ಟು ಹೆಸರಿಗೆ ಹೆಸರು ಹೋಲಿಸಿ. ಮೂರು ಗುರುತು ಹಾಕಿ: ಎರಡೂ ಕಡೆ ಇರುವವರು, ನಿಮ್ಮಲ್ಲಿ ಮಾತ್ರ ಇರುವವರು, ಸರ್ಕಾರದ ಪಟ್ಟಿಯಲ್ಲಿ ಇದ್ದೂ ಊರಿನಲ್ಲಿ ಯಾರಿಗೂ ಗೊತ್ತಿಲ್ಲದವರು. ಮೂರನೆಯದು ಸಿಕ್ಕಿದ ಕೂಡಲೇ ಮೋಸ ಅಂತ ಕೂಗಬೇಡಿ. ಮದುವೆಯಾಗಿ ಹೋದವರು, ತೀರಿಕೊಂಡವರು, ಕರೆಯುವ ಹೆಸರು ಒಂದು ದಾಖಲೆ ಹೆಸರು ಇನ್ನೊಂದು ಆದವರು ಇರುತ್ತಾರೆ. ಹಾಡಿಯ ಹಿರಿಯರ ಹತ್ತಿರ ಓದಿ ಹೇಳಿ, ಅವರು ಗುರುತು ಹಿಡಿಯುತ್ತಾರೆ.

'ಪೂರ್ಣ' ಅಂದರೆ ಹೋಗಿ ನೋಡಿ

ವಸತಿ ಯೋಜನೆಯಲ್ಲಿ ಹಣ ಕಂತಿನಲ್ಲಿ ಬರುತ್ತದೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಒಂದೊಂದು ಹಂತಕ್ಕೂ ಜಾಗದ ಗುರುತು ಸಮೇತ ಫೋಟೊ ತೆಗೆದು ಏರಿಸಿದ ಮೇಲೆ ಮುಂದಿನ ಕಂತು. ವರದಿಯಲ್ಲಿ ಇವೇ ನಾಲ್ಕು ಕಾಲಂಗಳು.

ಕೊಡಗಿನಲ್ಲಿ ಇದನ್ನು ಕ್ಯಾಲೆಂಡರ್ ಜೊತೆ ಇಟ್ಟು ಓದಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮನೆ ಕಟ್ಟುವ ಕೆಲಸ ಹೆಚ್ಚುಕಡಿಮೆ ನಿಂತಂತೆಯೇ. ಡಿಸೆಂಬರಿನಿಂದ ಕಾಫಿ ಕೊಯ್ಲು, ಆಗ ಕೂಲಿಗೆ ಜನ ಸಿಗುವುದಿಲ್ಲ, ಕಟ್ಟಿಸಿಕೊಳ್ಳಬೇಕಾದವರೂ ತೋಟದಲ್ಲೇ ಇರುತ್ತಾರೆ. ಉಳಿಯುವುದು ಬೇಸಿಗೆಯ ಎರಡು ಮೂರು ತಿಂಗಳು. ಮಾರ್ಚ್‌ನಲ್ಲಿ ಬರಬೇಕಾದ ಕಂತು ಜೂನ್‌ಗೆ ಬಂದರೆ ಛಾವಣಿ ಇಲ್ಲದ ಗೋಡೆ ಒಂದು ಪೂರ್ತಿ ಮಳೆಗಾಲ ನೆನೆಯುತ್ತದೆ. ಆಮೇಲೆ ಬಂದ ದುಡ್ಡು ಆ ಗೋಡೆ ರಿಪೇರಿಗೇ ಹೋಗುತ್ತದೆ. ಆದ್ದರಿಂದ ಎಷ್ಟು ಹಣ ಬಿಡುಗಡೆಯಾಯಿತು ಅಂತ ಮಾತ್ರ ಕೇಳಿದರೆ ಸಾಲದು, ಯಾವ ತಾರೀಖಿಗೆ ಅಂತ ಕೇಳಿ. ಫೋಟೊ ಏರಿಸಿದ ದಿನ ಮತ್ತು ಹಣ ಬಂದ ದಿನ, ಇವೆರಡರ ನಡುವೆ ಎಷ್ಟು ತಿಂಗಳು ಕಳೆದಿದೆ ಅನ್ನುವುದು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ವಿಷಯ ಹೇಳುತ್ತದೆ.

'ಪೂರ್ಣ' ಅಂತ ಬರೆದ ಮನೆಗಳಲ್ಲಿ ಕೆಲವಕ್ಕಾದರೂ ಹೋಗಿ. ಬಾಗಿಲಿಗೆ ಹಲಗೆ ಇದೆಯಾ, ಗೋಣಿ ತೂಗಿದೆಯಾ? ಕಿಟಕಿಯ ಜಾಗಕ್ಕೆ ನೀಲಿ ಟಾರ್ಪಾಲ್ ಕಟ್ಟಿದ್ದಾರಾ? ಕರೆಂಟ್ ಮೀಟರ್ ಬಂದಿದೆಯಾ, ನೀರು ಎಲ್ಲಿಂದ ತರುತ್ತಾರೆ, ಶೌಚಾಲಯದ ಗುಂಡಿ ತೆಗೆದಿದ್ದಾರಾ? ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದಲ್ಲಿ ಮನೆ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಟೇಪ್ ಹಿಡಿದು ಅಳೆಯಿರಿ. ಮುಖ್ಯವಾಗಿ, ಅದರೊಳಗೆ ಈಗ ಯಾರು ವಾಸ ಇದ್ದಾರೆ ಅಂತ ಬರೆದುಕೊಳ್ಳಿ. ಬೀಗ ಹಾಕಿದ್ದರೆ ಯಾಕೆ ಅಂತ ಅಕ್ಕಪಕ್ಕದವರನ್ನು ವಿಚಾರಿಸಿ. ಕೆಲಸ ಸಿಗುವ ತೋಟ ದೂರ ಆದರೆ ಜನ ಹೊಸ ಮನೆಗೆ ಬೀಗ ಹಾಕಿ ಮತ್ತೆ ಲೈನ್ ಮನೆಗೆ ಹೋಗುತ್ತಾರೆ. ಅದು ಅವರ ತಪ್ಪಲ್ಲ, ಜಾಗ ಆರಿಸಿದವರು ಉತ್ತರ ಕೊಡಬೇಕಾದ ವಿಷಯ.

ಪುನರ್ವಸತಿ ಬಡಾವಣೆಗಳಿಗೂ ಇದೇ ಕ್ರಮ. 2018ರ ಸಂತ್ರಸ್ತರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಮನೆ ಕಟ್ಟಿಕೊಟ್ಟರು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಿಂದ ಎಬ್ಬಿಸಿದ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳು ಚಳಿಯಲ್ಲಿ ಬಯಲಲ್ಲೇ ಕೂತು ಹೋರಾಡಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಸಿಕ್ಕಿತು. ಇಂಥ ಕಡೆ ಕೇಳಬೇಕಾದದ್ದು: ಮನೆ ಕಳೆದುಕೊಂಡವರ ಮೂಲ ಪಟ್ಟಿಯಲ್ಲಿ ಎಷ್ಟು ಹೆಸರು, ಹಂಚಿಕೆ ಎಷ್ಟು ಜನರಿಗೆ, ಹಕ್ಕುಪತ್ರ ಯಾರ ಹೆಸರಿಗೆ, ಅದು ನೋಂದಣಿ ಆಗಿದೆಯಾ, ಚರಂಡಿ ಮತ್ತು ತಡೆಗೋಡೆಯ ನಿರ್ವಹಣೆ ಯಾವ ಇಲಾಖೆಯದ್ದು. ಉದ್ಘಾಟನೆಯ ದಿನ ಪತ್ರಿಕೆಯವರೆಲ್ಲ ಇರುತ್ತಾರೆ. ಮೂರು ಮಳೆಗಾಲ ಕಳೆದ ಮೇಲೆ ಗೋಡೆ ಬಿರುಕು ನೋಡಲು ಯಾರೂ ಬರುವುದಿಲ್ಲ, ಅದನ್ನು ಊರಿನವರೇ ಮಾಡಬೇಕು.

ಮಾಹಿತಿ ಹಕ್ಕಿನಲ್ಲಿ ಕೇಳಿ

ಬಾಯಿಮಾತಿನಲ್ಲಿ ಪಟ್ಟಿ ಕೊಡದಿದ್ದರೆ ಅರ್ಜಿ ಹಾಕಿ. ಕರ್ನಾಟಕದಲ್ಲಿ ನಮೂನೆ 'ಎ', ಶುಲ್ಕ 10 ರೂಪಾಯಿ. ಪೋಸ್ಟ್ ಆಫೀಸಿನಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಸಾಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು ಅನ್ನುವುದು ನಮ್ಮ ರಾಜ್ಯದ ನಿಯಮ. ಆನ್‌ಲೈನ್‌ನಲ್ಲೂ ಹಾಕಬಹುದು. ಮಡಿಕೇರಿಗೆ ಹೋಗಿ ಬರುವುದೆಂದರೆ ಕೂಲಿಯವರಿಗೆ ಒಂದು ದಿನದ ಸಂಬಳ ಹೋದ ಹಾಗೆ, ಅದನ್ನು ಉಳಿಸಿಕೊಡಿ.

'ಯಾಕೆ ಮನೆ ಕೊಟ್ಟಿಲ್ಲ' ಅಂತ ಬರೆದರೆ 'ಅಭಿಪ್ರಾಯ ಕೇಳಿದ್ದೀರಿ, ಅದು ಮಾಹಿತಿ ಅಲ್ಲ' ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ದಾಖಲೆಯ ಪ್ರತಿ ಕೇಳಿ. ಹೀಗೆ:

'ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ವಸತಿ ಯೋಜನೆಗಳಿಗೆ ಸಂಬಂಧಿಸಿದ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಿ.
1. ನಿವೇಶನರಹಿತರ ಮತ್ತು ವಸತಿರಹಿತರ ಈಗಿನ ಪಟ್ಟಿ, ಅದಕ್ಕೆ ಒಪ್ಪಿಗೆ ಕೊಟ್ಟ ಗ್ರಾಮ ಸಭೆಯ ನಡಾವಳಿ.
2. 2022ರ ಏಪ್ರಿಲ್ 1ರಿಂದ ಇಂದಿನವರೆಗೆ ಆಯ್ಕೆಯಾದ ಫಲಾನುಭವಿಗಳ ಹೆಸರು, ಯೋಜನೆ, ಕಾಮಗಾರಿ ಆದೇಶದ ದಿನಾಂಕ, ಈಗಿನ ಹಂತ, ಪ್ರತಿ ಕಂತು ಬಿಡುಗಡೆಯಾದ ದಿನಾಂಕ.
3. ಇದೇ ಅವಧಿಯಲ್ಲಿ ಪಟ್ಟಿಯಿಂದ ಕೈಬಿಟ್ಟ ಹೆಸರುಗಳು, ಕಾರಣ ದಾಖಲಾದ ಪುಟದ ಪ್ರತಿ.
4. ವಸತಿಗೆಂದು ಕಾಯ್ದಿರಿಸಿದ ಸರ್ಕಾರಿ ಜಾಗದ ಸರ್ವೆ ನಂಬರ್, ವಿಸ್ತೀರ್ಣ, ಆದೇಶದ ಪ್ರತಿ.'

ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಸೇರಿದವರ ಪಟ್ಟಿಯನ್ನು ಎಲ್ಲರೂ ಕೇಳುತ್ತಾರೆ. ಬಿಟ್ಟುಹೋದವರ ಪುಟದಲ್ಲೇ ನಿಜವಾದ ವಿಷಯ ಇರುವುದು.

ಫಲಾನುಭವಿಗಳ ಹೆಸರು ಖಾಸಗಿ ಮಾಹಿತಿ ಅಂತ ನಿರಾಕರಿಸಿದರೆ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ತೋರಿಸಿ. ಸಹಾಯಧನ ಯೋಜನೆಗಳನ್ನು ಹೇಗೆ ನಡೆಸುತ್ತಾರೆ, ಎಷ್ಟು ಹಣ, ಫಲಾನುಭವಿಗಳು ಯಾರು ಅನ್ನುವುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅಂತ ಅದರಲ್ಲೇ ಇದೆ. ಅರ್ಜಿ ಹಾಕಲು ಕಾರಣ ಹೇಳಬೇಕಾಗಿಲ್ಲ. ಬೇರೆ ಕಚೇರಿಗೆ ಸೇರಿದ ವಿಷಯವಾದರೆ 5 ದಿನದೊಳಗೆ ಅವರೇ ಅಲ್ಲಿಗೆ ಕಳಿಸಬೇಕು. ಉತ್ತರಕ್ಕೆ 30 ದಿನ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25 ಸಾವಿರದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಗ್ರಾಮ ಸಭೆಯಲ್ಲಿ ಬರೆಸಿ

ಫಲಾನುಭವಿಗಳ ಆಯ್ಕೆ ಗ್ರಾಮ ಸಭೆಯಲ್ಲಿ ಆಗಬೇಕು, ಅದಕ್ಕಿಂತ ಮೊದಲು ವಾರ್ಡ್ ಸಭೆ. ಕನಿಷ್ಠ ಆರು ತಿಂಗಳಿಗೊಮ್ಮೆ ಎರಡೂ ನಡೆಯಬೇಕು. ಹಾಡಿಯವರಿಗೆ, ಲೈನ್ ಮನೆಯವರಿಗೆ ಸಭೆಯ ಸುದ್ದಿ ಮುಟ್ಟುವುದೇ ಕಡಿಮೆ. ಕೆಲಸದ ದಿನ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಯಾರು ಬರುತ್ತಾರೆ ಹೇಳಿ? ಭಾನುವಾರ ಇಡಿ, ಹಾಡಿಯಲ್ಲೇ ವಾರ್ಡ್ ಸಭೆ ಮಾಡಿ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಮೊದಲೇ ಪತ್ರ ಕೊಡಿ. ಪತ್ರದ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಸಭೆಯಲ್ಲಿ ಕೂಗಾಡಿ ಬಂದರೆ ಮರುದಿನಕ್ಕೆ ಏನೂ ಉಳಿಯುವುದಿಲ್ಲ. ನಿಮ್ಮ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು. "ಸಾರ್, ನಮ್ಮ ಪಟ್ಟಿಯಲ್ಲಿ ಇಷ್ಟು ಕುಟುಂಬ ಇವೆ, ನಿಮ್ಮ ಪಟ್ಟಿಯಲ್ಲಿ ಇವರ ಹೆಸರಿಲ್ಲ, ಯಾವ ತಾರೀಖಿನೊಳಗೆ ಪರಿಶೀಲಿಸುತ್ತೀರಿ? ಅದನ್ನು ಬರೆದುಕೊಳ್ಳಿ" ಅಂತ ಕೇಳಿ. ಬರೆದದ್ದನ್ನು ಅಲ್ಲೇ ಓದಿಸಿ. ಮನೆಯವರೇ ಎದ್ದು ನಿಂತು ತಮ್ಮ ಹೆಸರು ಹೇಳಿದರೆ ಇನ್ನೂ ಒಳ್ಳೆಯದು. ಹಾಡಿಯ ಹೆಣ್ಣುಮಕ್ಕಳಿಗೆ ಮೊದಲ ಸಲ ಸಂಕೋಚ ಆಗುತ್ತದೆ. ಪಕ್ಕದಲ್ಲಿ ಕೂತುಕೊಳ್ಳಿ, ಅವರ ಬದಲು ನೀವು ಮಾತಾಡಬೇಡಿ.

ಪಂಚಾಯಿತಿಯ ವರ್ಷದ ಲೆಕ್ಕ ಪರಿಶೀಲನೆಗೆ ಜಮಾಬಂದಿ ಇದೆ, ಸಾಮಾನ್ಯವಾಗಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣಕ್ಕೆ ವರ್ಷಕ್ಕೊಮ್ಮೆ ಸಾಮಾಜಿಕ ಪರಿಶೋಧನೆಯೂ ಆಗಬೇಕು. ಎರಡರ ವರದಿಯನ್ನೂ ಕೇಳಿ ಪಡೆಯಿರಿ.

ಜಾಗದ ಪ್ರಶ್ನೆ

ಕೊಡಗಿನಲ್ಲಿ ಬಹಳ ಅರ್ಜಿಗಳು ಇಲ್ಲಿಗೇ ಬಂದು ನಿಲ್ಲುತ್ತವೆ. ಮನೆಗೆ ಹಣ ಇದೆ, ಕಟ್ಟಲು ಜಾಗ ಇಲ್ಲ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದ ಮಾರ್ಗಸೂಚಿಯಲ್ಲೇ ಜಾಗ ಇಲ್ಲದ ಫಲಾನುಭವಿಗೆ ರಾಜ್ಯ ಸರ್ಕಾರ ಜಾಗ ಕೊಡಿಸಬೇಕು ಅಂತ ಇದೆ. ಹಾಗಾಗಿ 'ಜಾಗ ಇಲ್ಲದ ಕಾರಣ ತಿರಸ್ಕೃತ' ಅನ್ನುವ ಹಿಂಬರಹ ಬಂದರೆ ಅದನ್ನೇ ಹಿಡಿದು ತಹಶೀಲ್ದಾರರಿಗೆ, ಪ್ರತಿಯನ್ನು ಜಿಲ್ಲಾಧಿಕಾರಿಗೆ ಕೊಡಿ. ಹೋಬಳಿಯಲ್ಲಿ ಪೈಸಾರಿ ಎಷ್ಟಿದೆ, ಒತ್ತುವರಿ ಎಷ್ಟಾಗಿದೆ, ವಸತಿಗೆ ಎಷ್ಟು ಕಾಯ್ದಿರಿಸಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಬೇರೆ ಅರ್ಜಿ ಹಾಕಿ. ಒತ್ತುವರಿ ಮಾಡಿದ ಸರ್ಕಾರಿ ಜಮೀನಿನಲ್ಲಿ ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಲು ಕಾನೂನು ತಿದ್ದುಪಡಿ ಮಾಡಿದ ರಾಜ್ಯ ಇದು. ಅಷ್ಟು ಜಾಗ ಇರುವಾಗ ಯರವರ ಮನೆಗೆ ಮೂರು ಸೆಂಟ್ ಇಲ್ಲ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಸರ್ಕಾರಿ ಜಾಗದಲ್ಲಿ ಈಗಾಗಲೇ ಮನೆ ಕಟ್ಟಿಕೊಂಡವರಿಗೆ ಅದನ್ನು ಸಕ್ರಮ ಮಾಡಿಸಿಕೊಳ್ಳಲು ಭೂ ಕಂದಾಯ ಕಾಯ್ದೆಯ 94ಸಿ, ಪೇಟೆಯವರಿಗೆ 94ಸಿಸಿ. ಕಾಡಿನೊಳಗಿನ ಹಾಡಿಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ. ಅರಣ್ಯ ಹಕ್ಕಿನ ಅರ್ಜಿಯನ್ನು ಗ್ರಾಮ ಸಭೆ ತಿರಸ್ಕರಿಸಿದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮನವಿ ಹೋಗಬೇಕು. ತಿರಸ್ಕರಿಸಿದ್ದೇ ಗೊತ್ತಿಲ್ಲದೆ ಗಡುವು ಕಳೆದುಹೋಗುವ ಭಯ ಇದೆ, ಹಾಗಾಗಿ ಅರ್ಜಿ ಯಾವ ಹಂತದಲ್ಲಿದೆ ಅಂತ ಬರಹದಲ್ಲೇ ಕೇಳುತ್ತಿರಿ.

ಪೇಟೆಯಲ್ಲಿ

ನಗರಗಳ ನಿರಾಶ್ರಿತರ ತಂಗುದಾಣಕ್ಕೆ ಕೇಂದ್ರದ ನಗರ ಜೀವನೋಪಾಯ ಯೋಜನೆ ಇಟ್ಟಿದ್ದ ಅಳತೆ 1 ಲಕ್ಷ ಜನಸಂಖ್ಯೆಗೆ 100 ಜನರ ಜಾಗ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5.54 ಲಕ್ಷ, ಮಡಿಕೇರಿಯದ್ದು ಸುಮಾರು 33 ಸಾವಿರ. ಒಂದೊಂದೇ ಪೇಟೆ ಹಿಡಿದರೆ ಯಾವುದೂ ಆ ಅಳತೆಗೆ ಬರುವುದಿಲ್ಲ. ಆದರೆ ಜುಲೈ ತಿಂಗಳ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಒದ್ದೆ ಕಂಬಳಿ ಹೊದ್ದು ಕೂತ ಮುದುಕರಿಗೆ ಜನಸಂಖ್ಯೆಯ ಅಳತೆ ಕಟ್ಟಿಕೊಂಡು ಏನಾಗಬೇಕು? ಎಲ್ಲ ಪೇಟೆಗಳಿಗೂ ಸೇರಿ ಜಿಲ್ಲೆಯಲ್ಲಿ ವ್ಯವಸ್ಥೆ ಏನಿದೆ ಅಂತ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೆ ಬರೆದು ಕೇಳಿ.

ಇನ್ನೊಂದು ದಾರಿ ನಿಮ್ಮ ಮನೆಯಲ್ಲೇ ಇದೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ, ಆರೋಗ್ಯ ಕರದ ಜೊತೆ ಭಿಕ್ಷುಕರ ಕರ ಅಂತ ಒಂದು ಸಾಲು ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ವಸೂಲಿ ಮಾಡುವ ಹಣ ಅದು. ನಿರ್ಗತಿಕರ ಆರೈಕೆಗೆ ಹೋಗಬೇಕಾದದ್ದು. ನೀವು ಕಟ್ಟಿದ ದುಡ್ಡು. ವರ್ಷಕ್ಕೆ ಎಷ್ಟು ವಸೂಲಾಯಿತು, ಎಷ್ಟನ್ನು ಕೇಂದ್ರ ಪರಿಹಾರ ಸಮಿತಿಗೆ ಕಳಿಸಿದ್ದಾರೆ, ಎಷ್ಟು ಇಲ್ಲೇ ಉಳಿದಿದೆ ಅಂತ ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ.

ಮೇಲಿನವರ ಬಳಿ

ಪಂಚಾಯಿತಿಯಲ್ಲಿ ಆಗದಿದ್ದಕ್ಕೆ ಮೇಲೆ ಹೋಗಬೇಕು. ತಾಲ್ಲೂಕು ಮಟ್ಟದ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಗೆ ಶಾಸಕರೇ ಅಧ್ಯಕ್ಷರು, ಜಿಲ್ಲಾ ಮಟ್ಟದ್ದಕ್ಕೆ ಉಸ್ತುವಾರಿ ಸಚಿವರು. ಕೇಂದ್ರದ ಯೋಜನೆಗಳಿಗೆ ಸಂಸದರ ಅಧ್ಯಕ್ಷತೆಯ ದಿಶಾ ಸಮಿತಿ ಇದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಅಧಿಕಾರಿಗಳ ಕೆಲಸವನ್ನು ಅಧಿಕಾರಿಗಳೇ ನೋಡುವ ಹಾಗಾಯಿತು. ಅದಕ್ಕೇ ಶಾಸಕರಿಗೆ, ವಿಧಾನ ಪರಿಷತ್ ಸದಸ್ಯರಿಗೆ ಬರಹದಲ್ಲಿ ಪ್ರಶ್ನೆ ಕೊಟ್ಟು ಸದನದಲ್ಲಿ ಕೇಳಿಸುವುದು ಮುಖ್ಯ. ಸದನದಲ್ಲಿ ಕೊಟ್ಟ ಉತ್ತರ ದಾಖಲೆಯಾಗಿ ಉಳಿಯುತ್ತದೆ, ಮುಂದಿನ ವರ್ಷ ಅದನ್ನೇ ತೋರಿಸಿ ಕೇಳಬಹುದು. ದೂರು ದಾಖಲಿಸಲು ಜನಸ್ಪಂದನ 1902 ಇದೆ. ಕಂತು ಬಿಡಿಸಲು ಲಂಚ ಕೇಳಿದರೆ ನೇರ ಲೋಕಾಯುಕ್ತಕ್ಕೆ ಹೋಗಿ.

ವರ್ಷಕ್ಕೊಂದು ಹಾಳೆ

ಇಷ್ಟೆಲ್ಲ ಕಾಗದ ಸೇರಿದ ಮೇಲೆ ಒಂದೇ ಹಾಳೆಯ ವರದಿ ಬರೆಯಿರಿ. ಯಾರ ಹೆಸರೂ ಬೇಡ, ಸಂಖ್ಯೆ ಮಾತ್ರ. ವರ್ಷದ ಆರಂಭದಲ್ಲಿ ಸೂರಿಲ್ಲದ ಕುಟುಂಬ ಎಷ್ಟು. ವರ್ಷದೊಳಗೆ ಹೊಸದಾಗಿ ಸೂರು ಕಳೆದುಕೊಂಡವರು ಎಷ್ಟು. ಮನೆ ಸಿಕ್ಕಿ ಒಳಗೆ ಹೋಗಿ ವಾಸ ಇರುವವರು ಎಷ್ಟು. ಊರು ಬಿಟ್ಟು ಹೋದವರು ಎಷ್ಟು. ಕೊನೆಗೆ ಉಳಿದವರು ಎಷ್ಟು. ಎರಡನೆಯ ಸಂಖ್ಯೆಯನ್ನು ಸರ್ಕಾರದ ವರದಿಗಳು ಸಾಮಾನ್ಯವಾಗಿ ತೋರಿಸುವುದಿಲ್ಲ. ಹತ್ತು ಮನೆ ಕಟ್ಟಿ ಹನ್ನೆರಡು ಕುಟುಂಬ ಲೈನ್ ಮನೆ ಕಳೆದುಕೊಂಡಿದ್ದರೆ ಆ ವರ್ಷ ಊರು ಹಿಂದಕ್ಕೆ ಹೋಗಿದೆ ಅಂತಲೇ ಅರ್ಥ ಅಲ್ವಾ?

ಮಾಹಿತಿ ಹಕ್ಕಿನ ಅರ್ಜಿಯನ್ನು ಮಳೆ ಬಿಡುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ ಹಾಕಿ. ಉತ್ತರ ತಡವಾದರೂ ಮೇಲ್ಮನವಿ ಮುಗಿಸಿ ಡಿಸೆಂಬರಿನೊಳಗೆ ಕಾಗದ ಕೈಗೆ ಬಂದರೆ ಬೇಸಿಗೆಯ ಕಟ್ಟಡ ಕೆಲಸಕ್ಕೆ ಮೊದಲು ಕಂತಿನ ವಿಷಯ ಎತ್ತಬಹುದು. ಹಾಳೆಯನ್ನು ಫೆಬ್ರವರಿಯಲ್ಲಿ ಸಿದ್ಧ ಮಾಡಿ, ಹಣಕಾಸು ವರ್ಷ ಮುಗಿಯುವ ಮುಂಚೆ ಪಂಚಾಯಿತಿ, ತಹಶೀಲ್ದಾರ್, ಐಟಿಡಿಪಿ, ಶಾಸಕರ ಕಚೇರಿ, ಸ್ಥಳೀಯ ಪತ್ರಿಕೆಗಳಿಗೆ ಕೊಡಿ. 2027ರ ಜನಗಣತಿಯ ಎಣಿಕೆಗೆ ಬರುವ ಶಿಕ್ಷಕರಿಗೂ ಒಂದು ಪ್ರತಿ ಇರಲಿ, ಬಸ್ ಸ್ಟ್ಯಾಂಡ್ ಮತ್ತು ಸಂತೆ ಕಟ್ಟೆಯಲ್ಲಿ ರಾತ್ರಿ ಯಾವ ಕಡೆ ನೋಡಬೇಕು ಅಂತ ಅವರಿಗೆ ತೋರಿಸಲು ಊರಿನವರು ಒಬ್ಬರು ಜೊತೆಗೆ ಹೋಗಿ.